ಇಂಗ್ಲಿಷು ವಾಕ್ಯವನ್ನು ಪರೀಕ್ಷಿಸುವ ಕ್ರಮ



ಕಳೆದ ಬೇಸಿಗೆಯಲ್ಲಿ ತುಕ್ಕಾನಟ್ಟಿಯ ಒಂದು ಮನೆಯ ಪಡಸಾಲೆಯಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಯೌವನಸ್ಥನು ನನ್ನ ಹತ್ತಿರ ಬಂದು, ಮಡಿಚಿದ ಕಾಗದವೊಂದನ್ನು ನನ್ನ ಕೈಯಲ್ಲಿಟ್ಟನು. ಅವನು ಗೋಕಾಕದಲ್ಲಿ ನೀರೆತ್ತುವ ಪಂಪುಗಳನ್ನು ಮಾರುವ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಬೇರೆ ಊರಿನಲ್ಲಿ ಇದಕ್ಕಿಂತ ಹೆಚ್ಚು ಸಂಬಳದ ಕೆಲಸವುಂಟೆಂದು ಕೇಳಿ, ಅದಕ್ಕಾಗಿ ಇಂಗ್ಲಿಷಿನಲ್ಲಿ ಅರ್ಜಿಯನ್ನು ಬರೆದಿದ್ದನು. “ಇದರಲ್ಲಿ ತಪ್ಪಿದ್ದರೆ ತಿದ್ದಿಕೊಡಿರಿ, ನಾಳೆ ಕಳುಹಿಸಬೇಕು” ಅಂದನು.

ಅರ್ಜಿಯ ಮೊದಲನೆಯ ವಾಕ್ಯವು ಹೀಗಿತ್ತು: “ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.” ನಾನು ಅದನ್ನು ಹೊಡೆದುಹಾಕಿ, “ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್” ಎಂದು ಬರೆದೆನು. ಅವನು ಎರಡನ್ನೂ ಬಹಳ ಹೊತ್ತು ನೋಡಿ, “ಯಾಕೆ?” ಎಂದು ಕೇಳಿದನು. ನಾನು, “ಇಂಗ್ಲಿಷಿನಲ್ಲಿ ಹಾಗೆಯೇ ಹೇಳುವದು” ಅಂದೆನು. ಅವನು ಸುಮ್ಮನಾದನು, ಆದರೆ ಅವನಿಗೆ ಉತ್ತರ ದೊರಕಲಿಲ್ಲವೆಂಬದು ಅವನ ಮುಖದಿಂದಲೇ ತಿಳಿಯಿತು. ದೇವರ ವಾಕ್ಯದ ವಿಷಯವಾಗಿ ಯಾರಾದರೂ ಯಾಕೆಂದು ಕೇಳಿದರೆ ಇಂಥ ಉತ್ತರವನ್ನು ನಾನು ಎಂದೂ ಕೊಡಲಾರೆನು. ಹೀಗಿರಲಾಗಿ ಅವನಿಗೆ ಆ ದಿವಸ ಹೇಳಲಾರದೆ ಹೋದ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಸಭೆಗಳ ಮಕ್ಕಳು ಈಗ ಇಂಗ್ಲಿಷನ್ನು ಕಲಿಯುತ್ತಾರೆ. ದೊಡ್ಡವರಿಗೆ ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ, ಬೀಜದ ಚೀಲದ ಮೇಲಿನ ಅಕ್ಷರ ಇವೆಲ್ಲವೂ ಆ ಭಾಷೆಯಲ್ಲಿಯೇ ಬರುತ್ತವೆ. ಆದಕಾರಣ ಈ ಪಾಠವು ಶಾಲೆಗೆ ಹೋಗುವವರಿಗೆ ಮಾತ್ರವೇ ಎಂದು ತಿಳಿಯಬೇಡಿರಿ.

ಆ ಯೌವನಸ್ಥನ ವಾಕ್ಯವನ್ನು ತಿರಿಗಿ ನೋಡಿರಿ. ಅದನ್ನು ಮಾತಿಗೆ ಮಾತಾಗಿ ಕನ್ನಡಕ್ಕೆ ತಿರುಗಿಸಿದರೆ, “ನಾನು ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಾ ಇದ್ದೇನೆ” ಎಂದಾಗುತ್ತದೆ. ನಮ್ಮ ಸೀಮೆಯವರು ಮಾತಾಡುವಂತೆ ಹೇಳುವದಾದರೆ, “ಐದು ವರ್ಸದಿಂದ ಇಲ್ಲೇ ದುಡ್ಯಾಕತ್ತೇನಿ.” ಕನ್ನಡದಲ್ಲಿ ಇದು ಕುಂದಿಲ್ಲದ ವಾಕ್ಯ. ಅಂದರೆ ಹುಡುಗನು ಇಂಗ್ಲಿಷು ಪದಗಳಿಂದ ಕನ್ನಡ ವಾಕ್ಯವನ್ನು ಬರೆದಿದ್ದನು. ಪದಗಳಲ್ಲಿ ಪರದೇಶದ ಅಂಗಿ ಇದ್ದರೂ ಒಳಗಿನ ಎಲುಬು ನಮ್ಮದೇ. ನಾನು ಇಷ್ಟು ವರ್ಷ ಮಕ್ಕಳ ಇಂಗ್ಲಿಷನ್ನು ತಿದ್ದುತ್ತಾ ಕಂಡುಕೊಂಡದ್ದು ಇದೇ: ನಮ್ಮವರು ಮಾಡುವ ತಪ್ಪುಗಳೊಳಗೆ ಹೆಚ್ಚಿನವು ಅಜ್ಞಾನದಿಂದ ಬಂದವುಗಳಲ್ಲ, ಚೆನ್ನಾಗಿ ಬಲ್ಲ ಕನ್ನಡದಿಂದ ಬಂದವುಗಳು. ಆದದರಿಂದ ವಾಕ್ಯವನ್ನು ಪರೀಕ್ಷಿಸುವದಕ್ಕೆ ನಾನು ಹೇಳುವ ಕ್ರಮವು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ನೀವು ಬರೆದ ಇಂಗ್ಲಿಷು ವಾಕ್ಯವನ್ನು ಮಾತಿಗೆ ಮಾತಾಗಿ ಕನ್ನಡಕ್ಕೆ ತಿರುಗಿಸಿರಿ. ಅದು ಎಲ್ಲಿಯೂ ತಡವರಿಸದೆ ಸಲೀಸಾಗಿ ಬಂದುಬಿಟ್ಟರೆ ಸಂತೋಷಪಡಬೇಡಿರಿ. ಅಲ್ಲಿಯೇ ನಿಂತು ಎರಡನೆಯ ಸಾರಿ ನೋಡಿರಿ.

ಮೇಲಿನ ವಾಕ್ಯದಲ್ಲಿ ಎರಡು ಕಡೆಗಳಲ್ಲಿ ಕನ್ನಡವು ಒಳಗೆ ಬಂದದೆ. ಒಂದು, “ಇಂದ” ಎಂಬ ಪ್ರತ್ಯಯ. ನಾವು “ಐದು ವರ್ಷದಿಂದ” ಎಂದೂ ಹೇಳುತ್ತೇವೆ, “2019ರಿಂದ” ಎಂದೂ ಹೇಳುತ್ತೇವೆ; ಎರಡಕ್ಕೂ ಪ್ರತ್ಯಯ ಒಂದೇ. ಇಂಗ್ಲಿಷಿನವರು ಇವೆರಡನ್ನು ಬೇರೆ ಮಾಡುತ್ತಾರೆ. ಕೆಲಸ ಪ್ರಾರಂಭವಾದ ಗಳಿಗೆಯನ್ನೋ ದಿವಸವನ್ನೋ ವರ್ಷವನ್ನೋ ಹೇಳುವದಾದರೆ “ಸಿನ್ಸ್”. ಎಷ್ಟು ಕಾಲವಾಯಿತೆಂದು ಅಳತೆಯನ್ನು ಹೇಳುವದಾದರೆ “ಫಾರ್”. ಹೊಲದ ಬದುವಿನ ಮೊದಲನೆಯ ಕಲ್ಲನ್ನು ತೋರಿಸುವದು ಬೇರೆ, ಬದುವಿನ ಉದ್ದವನ್ನು ಹಗ್ಗದಿಂದ ಅಳೆಯುವದು ಬೇರೆ. “ಸಿನ್ಸ್” ಎಂಬದು ಕಲ್ಲು, “ಫಾರ್” ಎಂಬದು ಹಗ್ಗ. ಹೀಗೆ ಹೇಳಿದ ಮೇಲೆ ತಪ್ಪು ಮಾಡಿದ ಹುಡುಗರನ್ನು ನಾನು ಹೆಚ್ಚು ಕಾಣಲಿಲ್ಲ.

ಎರಡನೆಯದು ಕ್ರಿಯಾಪದದ ಕಾಲ. ಹಿಂದೆ ಪ್ರಾರಂಭವಾಗಿ ಈ ಹೊತ್ತಿನ ವರೆಗೂ ಬಿಡದೆ ನಡೆಯುವ ಕೆಲಸವನ್ನು ನಾವು ವರ್ತಮಾನಕಾಲದಲ್ಲಿಯೇ ಹೇಳಿ ಮುಗಿಸುತ್ತೇವೆ. ಇಂಗ್ಲಿಷಿನವರಾದರೋ ಹಿಂದಿನದನ್ನು ಈಗಿನದಕ್ಕೆ ಗಂಟುಹಾಕುವದಕ್ಕೆ “ಹ್ಯಾವ್” ಅಥವಾ “ಹ್ಯಾಸ್” ಎಂಬ ಸಹಾಯಕ ಪದವನ್ನು ತರುತ್ತಾರೆ. ಈ ಗಂಟಿನ ಬೆಲೆ ಎಷ್ಟೆಂಬದನ್ನು ನೋಡಿರಿ. “ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್” ಅಂದರೆ ಐದು ವರ್ಷ ದುಡಿದು ಬಿಟ್ಟುಬಂದಿದ್ದೇನೆ ಎಂದು ಅರ್ಥ. “ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್” ಅಂದರೆ ಈಗಲೂ ಅಲ್ಲಿಯೇ ಇದ್ದೇನೆ ಎಂದು ಕೇಳುವವರು ತಿಳುಕೊಳ್ಳುತ್ತಾರೆ. ಕೆಲಸ ಕೊಡುವ ಯಜಮಾನನಿಗೆ ಇವೆರಡರೊಳಗೆ ಬಹಳ ಭೇದವುಂಟು. ಆದರೆ ನಿನ್ನೆ, ಕಳೆದ ವಾರ, 2020ರಲ್ಲಿ ಎಂದು ಮುಗಿದುಹೋದ ಕಾಲವನ್ನು ಬಾಯಿಬಿಟ್ಟು ಹೇಳಿದ ಮೇಲೆ “ಹ್ಯಾವ್” ಬರಕೂಡದು. “ಯೆಸ್ಟರ್ಡೇ ಐ ಹ್ಯಾವ್ ಪೇಡ್ ದಿ ಲೋನ್” ಎಂಬದು ತಪ್ಪು. “ಯೆಸ್ಟರ್ಡೇ ಐ ಪೇಡ್ ದಿ ಲೋನ್” ಎಂಬದೇ ಸರಿ. ಸಾಲವು ತೀರಿತು, ದಿನವೂ ಮುಗಿಯಿತು. ಇನ್ನು ಗಂಟು ಯಾಕೆ?

ಇನ್ನು “ಇಂಗ್” ಎಂಬ ಕೊನೆಯ ವಿಷಯ. ನಮ್ಮ ಹುಡುಗರಿಗೆ ಇದರ ಮೇಲೆ ಬಹಳ ಪ್ರೀತಿ. “ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್,” “ಐ ಆಮ್ ನೋಯಿಂಗ್ ಹಿಮ್” ಎಂದು ಬರೆಯುತ್ತಾರೆ. “ಇಂಗ್” ಎಂಬದು ಕಣ್ಣೆದುರಿಗೆ ನಡೆಯುತ್ತಿದ್ದು ಸ್ವಲ್ಪ ಹೊತ್ತಿನಲ್ಲಿ ಮುಗಿಯುವ ಕೆಲಸಕ್ಕೆ ತಕ್ಕದ್ದು: ಉಳುವದು, ಉಣ್ಣುವದು, ಬರೆಯುವದು. ತಮ್ಮಂದಿರು ಇರುವದಾಗಲಿ, ಒಬ್ಬನನ್ನು ಬಲ್ಲೆನೆಂಬದಾಗಲಿ ಕೆಲಸವಲ್ಲ, ಸ್ಥಿತಿ. ಆದದರಿಂದ “ಐ ಹ್ಯಾವ್ ಟೂ ಬ್ರದರ್ಸ್,” “ಐ ನೋ ಹಿಮ್” ಎಂದೇ ಹೇಳಬೇಕು. ದೀಕ್ಷಾಸ್ನಾನಕ್ಕೆ ಸಿದ್ಧಳಾಗುತ್ತಿದ್ದ ಒಬ್ಬ ಹುಡುಗಿಯು ಒಂದು ಸಾರಿ ನನಗೆ “ಐ ಆಮ್ ಬಿಲೀವಿಂಗ್ ಇನ್ ಗಾಡ್” ಎಂದು ಬರೆದು ತೋರಿಸಿದಳು. ನಾನು ಅವಳಿಗೆ, ಅಮ್ಮಾ, ಇಂಗ್ಲಿಷಿನವನ ಕಿವಿಗೆ ಇದು ಸದ್ಯಕ್ಕೆ ನಂಬುತ್ತಾ ಇದ್ದೇನೆ, ನಾಳೆ ಹೇಗೋ ತಿಳಿಯದು ಎಂಬಂತೆ ಕೇಳಿಸೀತು; “ಐ ಬಿಲೀವ್” ಎಂದು ಎರಡೇ ಮಾತು ಸಾಕು ಅಂದೆನು. ಅವಳು ನಕ್ಕಳು, ಆದರೆ ಆ ತಪ್ಪನ್ನು ಮತ್ತೆ ಮಾಡಲಿಲ್ಲ.

“ನನಗೆ ಇಬ್ಬರು ತಮ್ಮಂದಿರಿದ್ದಾರೆ,” “ನನಗೆ ಜ್ವರ ಬಂದದೆ,” “ನನಗೆ ಗೊತ್ತು” ಎಂಬ ವಾಕ್ಯಗಳಲ್ಲಿ ಕರ್ತೃವು ಯಾರು? ನಾನಲ್ಲ. ತಮ್ಮಂದಿರು, ಜ್ವರ, ತಿಳುವಳಿಕೆ ಇವು ನನ್ನ ಬಳಿಗೆ ಬಂದವು. ನಾನು ಚತುರ್ಥೀ ವಿಭಕ್ತಿಯಲ್ಲಿ ಅವುಗಳನ್ನು ಹೊಂದಿಕೊಂಡು ಕೂತಿದ್ದೇನೆ. ಇಂಗ್ಲಿಷಿನಲ್ಲಿ “ಐ” ಎಂಬವನು ಎಲ್ಲದಕ್ಕೂ ಮುಂದೆ ಬಂದು ಯಜಮಾನನಾಗಿ ನಿಲ್ಲುತ್ತಾನೆ, ಜ್ವರಕ್ಕೂ ಸಹ. ಇದರಲ್ಲಿ ನಮ್ಮ ಭಾಷೆಯೇ ಹೆಚ್ಚು ದೀನವಾದದ್ದೆಂದು ನನ್ನ ಅಭಿಪ್ರಾಯ. ಆದರೆ ಅದು ಪಾಠಕ್ಕೆ ಸೇರಿದ್ದಲ್ಲ.

ಈಗ ಕ್ರಿಯಾಪದವಿಲ್ಲದ ವಾಕ್ಯಗಳನ್ನು ಕುರಿತು. “ಅವನು ರೈತನು” ಎಂಬದು ಪೂರ್ಣವಾದ ಕನ್ನಡ ವಾಕ್ಯ. ಇಂಗ್ಲಿಷಿನಲ್ಲಿ “ಹಿ ಫಾರ್ಮರ್” ಎಂದರೆ ವಾಕ್ಯವೇ ಆಗಲಿಲ್ಲ. “ಹಿ ಇಸ್ ಎ ಫಾರ್ಮರ್” ಅನ್ನಬೇಕು. ಇಲ್ಲಿ “ಇಸ್” ಎಂಬ ಕ್ರಿಯಾಪದವೂ “ಎ” ಎಂಬ ಉಪಪದವೂ ನಮ್ಮಲ್ಲಿ ಇಲ್ಲದ ಎರಡು ಸಾಮಾನುಗಳು. ಇಂಗ್ಲಿಷು ವಾಕ್ಯದಲ್ಲಿ ಮೊದಲು ಕ್ರಿಯಾಪದವನ್ನು ಹುಡುಕಿರಿ. ಸಿಕ್ಕದಿದ್ದರೆ ಮುಂದಕ್ಕೆ ಹೋಗಬೇಡಿರಿ.

ಉಪಪದಗಳು, ಅಂದರೆ “ಎ,” “ಆನ್,” “ದಿ” ಎಂಬ ಸಣ್ಣ ಪದಗಳು, ನಮ್ಮವರಿಗೆ ಎಲ್ಲಕ್ಕಿಂತ ಕಷ್ಟವಾಗುತ್ತವೆ. ಕನ್ನಡದಲ್ಲಿ ಇವಿಲ್ಲ ಎಂದು ಉಪಾಧ್ಯಾಯರು ಹೇಳಿಬಿಡುತ್ತಾರೆ. ಆದರೆ ಈ ಭೇದವನ್ನು ನಾವು ಅರಿಯದವರಲ್ಲ. “ಅವನು ಪುಸ್ತಕ ತಂದನು” ಅನ್ನುವದಕ್ಕೂ “ಅವನು ಪುಸ್ತಕವನ್ನು ತಂದನು” ಅನ್ನುವದಕ್ಕೂ ಭೇದವಿಲ್ಲವೋ? ಮೊದಲನೆಯದರಲ್ಲಿ ಯಾವದೋ ಒಂದು ಪುಸ್ತಕ. ಎರಡನೆಯದರಲ್ಲಿ ನಾವಿಬ್ಬರೂ ಬಲ್ಲ ಆ ಪುಸ್ತಕ. “ಅನ್ನು” ಎಂಬ ದ್ವಿತೀಯಾ ವಿಭಕ್ತಿಯು ಅಚೇತನ ವಸ್ತುಗಳಲ್ಲಿ “ದಿ” ಎಂಬದರ ಕೆಲಸದ ಒಂದು ಭಾಗವನ್ನು ಮೌನವಾಗಿ ಮಾಡುತ್ತದೆ. ಆದದರಿಂದ ಸಂದೇಹ ಬಂದಾಗ ಮನಸ್ಸಿನಲ್ಲಿ “ಯಾವದೋ ಒಂದು” ಎಂದು ಸೇರಿಸಿ ನೋಡಿರಿ; ಒಪ್ಪಿದರೆ “ಎ”. “ಆ” ಎಂದು ಸೇರಿಸಿ ನೋಡಿರಿ, ಒಪ್ಪಿದರೆ “ದಿ”. ಹತ್ತರಲ್ಲಿ ಎಂಟು ಸಾರಿ ಸರಿಹೋಗುವದು. ಉಳಿದ ಎರಡನ್ನು ಓದುತ್ತಾ ಓದುತ್ತಾ ಕಲಿಯಬೇಕೇ ಹೊರತು ಸೂತ್ರದಿಂದ ಕಲಿಯುವದು ಆಗದ ಮಾತು.

ಇನ್ನು ಕೆಲವು ತಪ್ಪುಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ನಾವು “ಎರಡು ಎತ್ತು,” “ಹತ್ತು ರೂಪಾಯಿ” ಅನ್ನುತ್ತೇವೆ, ಸಂಖ್ಯೆಯು ಮುಂದಿರುವಾಗ ಬಹುವಚನ ಬೇಕಿಲ್ಲ, ಇಂಗ್ಲಿಷಿನಲ್ಲಿ ಬೇಕು, “ಟೂ ಬುಲಕ್ಸ್,” “ಟೆನ್ ರುಪೀಸ್.” “ನನ್ನ ಒಬ್ಬ ಗೆಳೆಯ” ಎಂಬದನ್ನು “ಒನ್ ಆಫ್ ಮೈ ಫ್ರೆಂಡ್” ಎಂದು ಬರೆಯುತ್ತಾರೆ, ಅನೇಕ ಗೆಳೆಯರೊಳಗಿಂದ ಒಬ್ಬನನ್ನು ತೆಗೆಯುವದರಿಂದ “ಫ್ರೆಂಡ್ಸ್” ಆಗಬೇಕು. ತಂದೆಯನ್ನು ಮಾನದಿಂದ “ಬರುತ್ತಾರೆ” ಅನ್ನುವ ನಾವು “ಮೈ ಫಾದರ್ ಆರ್ ಕಮಿಂಗ್” ಅನ್ನುತ್ತೇವೆ. ಇಂಗ್ಲಿಷಿನ ವ್ಯಾಕರಣದಲ್ಲಿ ತಂದೆಯೂ ಒಬ್ಬನೇ, ಅರಸನೂ ಒಬ್ಬನೇ, “ಇಸ್” ಎಂದೇ ಹೇಳಬೇಕು, ಅದರಿಂದ ತಂದೆಗೆ ಅಪಮಾನವಿಲ್ಲ. “ನನಗೆ ಹೇಳಿದನು” ಎಂಬದು “ಹಿ ಸೆಡ್ ಮಿ” ಅಲ್ಲ, “ಹಿ ಟೋಲ್ಡ್ ಮಿ”. ನಮ್ಮ “ಕೇಳು” ಎಂಬ ಒಂದೇ ಮಾತು ಪ್ರಶ್ನೆಗೂ ಸಾಕು, ಹಾಡಿಗೂ ಸಾಕು. ಆದದರಿಂದ ಮಗುವು “ಐ ಆಸ್ಕ್ ಸಾಂಗ್” ಅನ್ನುತ್ತದೆ. “ಸಣ್ಣ ಸಣ್ಣ ಮಕ್ಕಳು” ಎಂಬದು ಕನ್ನಡದಲ್ಲಿ ಎಷ್ಟು ಚೆಂದ. “ಸ್ಮಾಲ್ ಸ್ಮಾಲ್ ಚಿಲ್ಡ್ರನ್” ಎಂಬದು ಅಲ್ಲಿ ಒಪ್ಪುವದಿಲ್ಲ.

ನಮ್ಮ ಕ್ರಿಯಾಪದವು ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂದು ಪ್ರತಿಯೊಬ್ಬನಿಗೂ ಬೇರೆ ಬಾಲವನ್ನು ತೋರಿಸುತ್ತದೆ. ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದಕ್ಕೆ ವರ್ತಮಾನಕಾಲದಲ್ಲಿ ಒಂದೇ ಕಡೆಯಲ್ಲಿ ಬಾಲವುಂಟು: ಅವನು, ಅವಳು, ಅದು ಎಂಬ ಏಕವಚನದಲ್ಲಿ “ಸ್” ಎಂಬ ಒಂದು ಅಕ್ಷರ, “ಹಿ ಗೋಸ್,” “ಶಿ ಕಮ್ಸ್” ಎಂಬಂತೆ. ಇಷ್ಟೊಂದು ಬಾಲಗಳನ್ನು ತಪ್ಪದೆ ನಡಿಸುವ ನಾವು ಆ ಒಂದನ್ನು ಮರೆಯುವದು ಆಶ್ಚರ್ಯ. ಒಂದೇ ಇರುವದರಿಂದಲೇ ಮರೆಯುತ್ತೇವೋ ಏನೋ.

ತಪ್ಪನ್ನು ಹುಡುಕುವವನು ತಪ್ಪಲ್ಲದ್ದನ್ನೂ ಬಲ್ಲವನಾಗಿರಬೇಕು. ಅರ್ಧ ಕಲಿತವರು ಕೆಲವರು ವ್ಯಾಕರಣವನ್ನು ಕೋಲಿನಂತೆ ಹಿಡಿದು ತಿರುಗುತ್ತಾರೆ. ವಾಕ್ಯವನ್ನು “ಇನ್,” “ಟು” ಎಂಬಂಥ ಪದದಿಂದ ಮುಗಿಸಕೂಡದು, “ಐ” ಎಂಬದರ ಸಂಗಡ ಭವಿಷ್ಯತ್ಕಾಲದಲ್ಲಿ “ವಿಲ್” ಬರಕೂಡದು, “ಶಾಲ್” ಎಂದೇ ಬರಬೇಕು ಎಂದು ಗದರಿಸುತ್ತಾರೆ. ಹಳೆಯ ಶಾಲಾಪುಸ್ತಕಗಳಲ್ಲಿ ಇಂಥ ಕಟ್ಟಳೆಗಳು ಇದ್ದದ್ದು ನಿಜ. ಈಗಿನ ಒಳ್ಳೆಯ ಬರಹಗಾರರು ಇವುಗಳನ್ನು ಲೆಕ್ಕಿಸುವದಿಲ್ಲ. ಭಾಷೆಯು ಬದಲಾಗುತ್ತದೆ. 1611ರ ಇಂಗ್ಲಿಷು ಸತ್ಯವೇದದಲ್ಲಿ ಕರ್ತನು ಕಲಿಸಿದ ಪ್ರಾರ್ಥನೆಯನ್ನು ತೆರೆದು ನೋಡಿದರೆ, ತಂದೆಯಾದ ದೇವರನ್ನು ಕುರಿತು “ವಿಚ್” ಎಂಬ ಸರ್ವನಾಮವಿದೆ. ಇಂದು ಒಬ್ಬ ಹುಡುಗನು ವ್ಯಕ್ತಿಯ ವಿಷಯವಾಗಿ ಹಾಗೆ ಬರೆದರೆ ಉಪಾಧ್ಯಾಯನು ಕೆಂಪು ಶಾಯಿಯಿಂದ “ಹೂ” ಎಂದು ತಿದ್ದುವನು. ಆ ಭಾಷಾಂತರಕಾರರು ತಪ್ಪು ಮಾಡಿದರೆಂದು ಹೇಳಬಹುದೋ? ಅವರ ಕಾಲದಲ್ಲಿ ಅದೇ ಸರಿಯಾಗಿತ್ತು. ನಮ್ಮ ದೇಶದಲ್ಲಿ ಹುಟ್ಟಿದ ಕೆಲವು ಮಾತುಗಳಿಗೂ ಈಗ ಮಾನ ಬಂದದೆ. ಮುಂದೂಡುವದಕ್ಕೆ “ಪೋಸ್ಟ್‌ಪೋನ್” ಇರುವಂತೆ ಹಿಂದಕ್ಕೆ ತರುವದಕ್ಕೆ ನಮ್ಮವರು ಬಳಸುವ “ಪ್ರಿಪೋನ್” ಎಂಬದು ಆಕ್ಸ್‌ಫರ್ಡಿನ ನಿಘಂಟಿನಲ್ಲಿ ಸೇರಿದೆ.

ನ್ಯಾಯಸ್ಥಾಪಕರ ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನು ನೀವು ಬಲ್ಲಿರಿ. ಗಿಲ್ಯಾದಿನವರು ಯೊರ್ದನಿನ ಹಾಯಗಡಗಳನ್ನು ಹಿಡಿದು, ದಾಟುವವರನ್ನು ಒಂದು ಮಾತನ್ನು ಹೇಳೆಂದು ಕೇಳಿ, “ಷಿಬ್ಬೋಲೆತ್” ಎಂಬದಕ್ಕೆ ಬದಲಾಗಿ “ಸಿಬ್ಬೋಲೆತ್” ಅಂದವರನ್ನೆಲ್ಲಾ ಕೊಂದರು. ಆ ಕಾಲದಲ್ಲಿ ಸತ್ತ ಎಫ್ರಾಯೀಮ್ಯರು 42,000 ಮಂದಿ ಎಂದು ಅಲ್ಲಿ ಬರೆದದೆ. ಇಂಗ್ಲಿಷು ಬಾರದ ಸಹೋದರನನ್ನು ಕಂಡು ನಗುವ ನಮ್ಮ ಪಟ್ಟಣದ ಯೌವನಸ್ಥರನ್ನು ನೋಡಿದಾಗೆಲ್ಲಾ ನನಗೆ ಆ ಹಾಯಗಡವು ನೆನಪಾಗುತ್ತದೆ. ನಾವು ಮಾತನ್ನು ಪರೀಕ್ಷಿಸುವದು ದಾಟಿಸುವದಕ್ಕಾಗಿ.

ಪರಭಾಷೆಯನ್ನು ಕಲಿಯುವ ಕಷ್ಟವು ನಮಗೆ ಮಾತ್ರ ಬಂದದ್ದಲ್ಲ. ನಮ್ಮ ಬೆಳಗಾವಿಯಲ್ಲಿ 1820ರಲ್ಲಿ ಲಂಡನ್ ಮಿಶನ್ನಿನವರು ಕೆಲಸವನ್ನು ಪ್ರಾರಂಭಿಸಿದಾಗ ಅವರೂ ಮೊದಲು ಮಕ್ಕಳಂತೆ ಅಕ್ಷರಗಳನ್ನು ತಿದ್ದಬೇಕಾಯಿತು. ಬಾಸೆಲ್ ಮಿಶನ್ನಿನ ಫೆರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಈ ದೇಶಕ್ಕೆ ಬಂದವರು. ಅವರ ತಾಯಿಮಾತು ಜರ್ಮನ್. ಅವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚುಹಾಕಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷು ನಿಘಂಟು ಮಂಗಳೂರಿನಲ್ಲಿ ಹೊರಟಿತು. 1903ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿ, ಅದೇ ವರ್ಷ ತೀರಿಕೊಂಡರು. ತಾಯಿಮಾತಲ್ಲದ ಒಂದು ಭಾಷೆಯನ್ನು ತಾಯಿಮಾತಲ್ಲದ ಮತ್ತೊಂದು ಭಾಷೆಯಲ್ಲಿ ವಿವರಿಸುವದು ಎಂಥ ಕೆಲಸವೆಂಬದನ್ನು ಯೋಚಿಸಿರಿ. ನಮ್ಮ ಹುಡುಗರು ಇಂಗ್ಲಿಷು ವ್ಯಾಕರಣದ ಪುಸ್ತಕವನ್ನು ಕೊಳ್ಳುತ್ತಾರೆ. ಕನ್ನಡದ ವಿಭಕ್ತಿಗಳು ಎಷ್ಟು ಎಂದು ಕೇಳಿದರೆ ತಲೆ ತುರಿಸಿಕೊಳ್ಳುತ್ತಾರೆ. ತನ್ನ ಮನೆಯ ಬಾಗಿಲುಗಳನ್ನು ಎಣಿಸದವನು ನೆರೆಮನೆಯ ಬಾಗಿಲಲ್ಲಿ ತಲೆ ಬಡಿಸಿಕೊಳ್ಳುವದು ಸಹಜವೇ.

ಈಗ ಮೊಬೈಲಿನಲ್ಲಿಯೂ ಗಣಕಯಂತ್ರದಲ್ಲಿಯೂ ಬರೆಯುವಾಗ ತಪ್ಪಿನ ಕೆಳಗೆ ತಾನೇ ಗೆರೆ ಬೀಳುತ್ತದಲ್ಲಾ, ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಆ ಗೆರೆಯು ಉಪಯುಕ್ತವಾದದ್ದು, ನಾನೂ ಅದನ್ನು ನೋಡುತ್ತೇನೆ. ಆದರೆ ವ್ಯಾಕರಣದಲ್ಲಿ ಕುಂದಿಲ್ಲದೆ, ಹೇಳಬೇಕೆಂದಿದ್ದ ಅರ್ಥಕ್ಕೆ ಪೂರಾ ವಿರುದ್ಧವಾದ ವಾಕ್ಯಗಳುಂಟು. ನಾನು ಬರೆದದ್ದರ ಅಕ್ಷರವನ್ನು ಯಂತ್ರವು ನೋಡುವದು. ನಾನು ಮನಸ್ಸಿನಲ್ಲಿ ನೆನಸಿದ್ದನ್ನು ಅದು ಹೇಗೆ ಬಲ್ಲುದು? ಇದಕ್ಕೆ ದೃಷ್ಟಾಂತವಾಗಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳುವದಕ್ಕೆ ನಾಚಿಕೆಯಾಗುತ್ತದೆ.

ನಾನು ಹೊಸದಾಗಿ ಉಪದೇಶಿಯಾಗಿ ಒಂದು ಹಳ್ಳಿಯಲ್ಲಿದ್ದಾಗ ಸುಗ್ಗಿಯ ಕಾಣಿಕೆಯ ಹಣದಲ್ಲಿ 740 ರೂಪಾಯಿ ಕಡಿಮೆ ಬಿತ್ತು. ಪ್ರಾರ್ಥನಾಲಯವನ್ನು ಗುಡಿಸುವ ಒಬ್ಬ ಹುಡುಗನಿದ್ದನು, ಬಡವನು, ತಂದೆಯಿಲ್ಲದವನು. ಬೇರೆ ಯಾರೂ ಒಳಗೆ ಬರಲಿಲ್ಲವಾದದರಿಂದ ನನಗೆ ಅವನ ಮೇಲೆ ಸಂಶಯ ಬಂತು. ಕನ್ನಡವನ್ನು ಓದಲಾರದ ನನ್ನ ಮೇಲ್ವಿಚಾರಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು, “ಐ ಡೌಟ್ ದಟ್ ದಿ ಬಾಯ್ ಹ್ಯಾಸ್ ಟೇಕನ್ ದಿ ಮನಿ” ಎಂದು ತಿಳಿಸಿದೆನು. ಹುಡುಗನೇ ತೆಗೆದುಕೊಂಡನೆಂದು ನನಗೆ ಸಂಶಯವಿದೆ ಎಂದು ನನ್ನ ಅಭಿಪ್ರಾಯ. ಎಂಟು ದಿವಸದ ಮೇಲೆ ಅವರಿಂದ ಉತ್ತರ ಬಂತು: ಹುಡುಗನು ನಿರಪರಾಧಿ ಎಂದು ನೀವು ಎಣಿಸುವದು ನನಗೆ ಸಂತೋಷ, ನಿಮ್ಮ ಮಾತನ್ನು ನಂಬುತ್ತೇನೆ, ಅವನನ್ನು ಕೆಲಸದಿಂದ ತೆಗೆಯಬೇಡಿರಿ, ಹಣವನ್ನು ಇನ್ನೂ ಹುಡುಕಿರಿ.

ನಾನು ಬೆರಗಾಗಿ ನಿಘಂಟನ್ನು ತೆರೆದೆನು. ಇಂಗ್ಲಿಷಿನಲ್ಲಿ ಒಂದು ಸಂಗತಿಯನ್ನು “ಡೌಟ್” ಮಾಡುವದೆಂದರೆ ಅದು ನಡೆದಿರಲಾರದು ಎಂದು ಎಣಿಸುವದು. ನಡೆದಿರಬಹುದು ಎಂದು ಸಂಶಯಪಡುವದಕ್ಕೆ “ಸಸ್ಪೆಕ್ಟ್” ಎಂಬ ಬೇರೆ ಮಾತಿದೆ. ನಮ್ಮ “ಸಂಶಯ,” “ಅನುಮಾನ” ಎಂಬ ಮಾತುಗಳು ಎರಡು ಕಡೆಗೂ ತೂಗುತ್ತವೆ. ಆದದರಿಂದ ನಮ್ಮವರು “ಡೌಟ್” ಎಂಬದನ್ನೂ ಎರಡು ಕಡೆಗೆ ಎಳೆಯುತ್ತಾರೆ. ಇಂಗ್ಲಿಷಿನಲ್ಲಿಯೂ ಹಿಂದೆ ಈ ಪದಕ್ಕೆ ಹಾಗಿರಬಹುದೆಂದು ಭಯಪಡುವ ಅರ್ಥವಿತ್ತು, ಈಗ ಸಾಮಾನ್ಯವಾಗಿ ಇಲ್ಲ. ನನ್ನ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆ, ಉಪಪದ ಎಲ್ಲವೂ ಸರಿಯಾಗಿದ್ದವು. ಯಾವ ಯಂತ್ರವೂ ಅದರ ಕೆಳಗೆ ಗೆರೆ ಎಳೆಯಲಾರದು.

ತಿದ್ದಿ ಮತ್ತೊಂದು ಪತ್ರ ಬರೆಯಬೇಕೆಂದು ಮೂರು ದಿವಸ ಯೋಚಿಸಿದೆನು. ನಾಲ್ಕನೆಯ ದಿವಸ ಹಳೆಯ ಹಾಜರಿ ಪುಸ್ತಕವನ್ನು ತೆಗೆದಾಗ, ಕಾಗದದಲ್ಲಿ ಸುತ್ತಿದ 740 ರೂಪಾಯಿ ಅದರೊಳಗಿಂದ ಬಿತ್ತು. ಸುತ್ತಿ ಇಟ್ಟವನು ನಾನೇ. ಕಾಗದದ ಮೇಲೆ ನನ್ನ ಕೈಬರಹವೇ ಇತ್ತು. ಮೇಲ್ವಿಚಾರಕರಿಗೆ ಹಣ ಸಿಕ್ಕಿತೆಂದು ಬರೆದೆನು, ಉಳಿದದ್ದನ್ನು ಬರೆಯಲಿಲ್ಲ. ಆ ಹುಡುಗನು ಈಗ ದೊಡ್ಡವನಾಗಿದ್ದಾನೆ, ಈ ಪತ್ರಿಕೆಯನ್ನು ಓದುವವನೂ ಆಗಿರಬಹುದು. ಓದಿದರೆ ಇದು ತನ್ನ ಮಾತೇ ಎಂದು ಅವನಿಗೆ ತಿಳಿಯುವದು. ತಿಳಿಯಲಿ, ಅವನಿಗೆ ನಾನು ಇದನ್ನು ಬಹಳ ಹಿಂದೆಯೇ ಹೇಳಬೇಕಾಗಿತ್ತು.

ಸಾಕ್ಷಿಯು ಕೆಡುವ ಇನ್ನೊಂದು ಸ್ಥಳವುಂಟು. ಅದು ಬರೆಯುವದರಲ್ಲಿ ಅಲ್ಲ, ಉತ್ತರ ಕೊಡುವದರಲ್ಲಿ. ಬ್ಯಾಂಕಿನಲ್ಲಿ ಬೇರೆ ರಾಜ್ಯದಿಂದ ಬಂದ ಅಧಿಕಾರಿಯೊಬ್ಬನು ರೈತನನ್ನು “ಡಿಡ್ ಯು ನಾಟ್ ರಿಸೀವ್ ದಿ ಮನಿ?” ಎಂದು ಕೇಳಿದನೆಂದು ನೆನಸಿರಿ. ಹಣವು ನಿನಗೆ ಮುಟ್ಟಲಿಲ್ಲವೋ ಎಂದು ಅರ್ಥ. ಮುಟ್ಟದೆ ಇರುವ ರೈತನು ಕನ್ನಡದ ರೀತಿಯಲ್ಲಿ “ಹೌದ್ರೀ, ಮುಟ್ಟಿಲ್ಲ” ಎಂದು ಮನಸ್ಸಿನಲ್ಲಿ ಇಟ್ಟುಕೊಂಡು “ಯೆಸ್” ಅನ್ನುತ್ತಾನೆ. ಕೇಳಿದವನ ಮಾತು ನಿಜವೆಂದು ನಾವು “ಹೌದು” ಅನ್ನುತ್ತೇವೆ. ಇಂಗ್ಲಿಷಿನವರು ಕೇಳಿದವನ ಮಾತನ್ನು ನೋಡುವದಿಲ್ಲ, ನಡೆದ ಸಂಗತಿಯನ್ನು ನೋಡುತ್ತಾರೆ: ಸಂಗತಿ ನಡೆದಿದ್ದರೆ “ಯೆಸ್,” ನಡೆಯದಿದ್ದರೆ “ನೋ,” ಪ್ರಶ್ನೆಯು ಯಾವ ರೀತಿಯಲ್ಲಿದ್ದರೂ ಸರಿಯೇ. ಆದಕಾರಣ ಆ ರೈತನ “ಯೆಸ್” ಎಂಬ ಒಂದು ಮಾತಿನಿಂದ ಅವನಿಗೆ ಹಣ ಮುಟ್ಟಿತೆಂದು ಅಧಿಕಾರಿಯು ಬರೆದುಕೊಂಡರೆ ಅಧಿಕಾರಿಯದು ತಪ್ಪಲ್ಲ. ಪೊಲೀಸರ ಮುಂದೆ “ಡಿಡ್ ಯು ನಾಟ್ ಟೇಕ್ ಇಟ್?” ಎಂಬ ಪ್ರಶ್ನೆಗೆ ನಿರಪರಾಧಿಯು “ಯೆಸ್” ಅಂದರೆ ಏನಾಗುವದೆಂದು ನೀವೇ ಯೋಚಿಸಿರಿ. ಹೌದು, ಅಲ್ಲ ಎಂಬ ಎರಡು ಮಾತುಗಳ ವಿಷಯವಾಗಿ ಕರ್ತನು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಎಚ್ಚರಿಸಿದ್ದನ್ನು ನಾವು ಬಲ್ಲೆವು. ಇಲ್ಲಿಯಾದರೋ ಮನಸ್ಸು ಸತ್ಯವಾಗಿದ್ದರೂ ಬಾಯಿ ಸುಳ್ಳಾಗುತ್ತದೆ. ಇದಕ್ಕೆ ಉಪಾಯವೇನಂದರೆ, ಒಂದೇ ಮಾತಿನಿಂದ ಎಂದಿಗೂ ಉತ್ತರ ಕೊಡಬೇಡಿರಿ. ಕ್ರಿಯಾಪದವನ್ನು ಸೇರಿಸಿ ಮುಗಿಸಿರಿ: “ನೋ, ಐ ಡಿಡ್ ನಾಟ್ ರಿಸೀವ್ ಇಟ್.” ಇಷ್ಟೂ ಬಾರದಿದ್ದರೆ ಕನ್ನಡದಲ್ಲಿ ಹೇಳಿರಿ, ತಿಳಿಸಿಕೊಡುವವನನ್ನು ಅವರು ಕರೆಯಲಿ.

ಇದರಂತೆಯೇ “ಬೋತ್ ಡಿಡ್ ನಾಟ್ ಕಮ್” ಎಂಬ ವಾಕ್ಯ. ಇಬ್ಬರೂ ಬರಲಿಲ್ಲ ಎಂದು ನಾವು ಬರೆಯುತ್ತೇವೆ. ಓದುವವನು ಇಬ್ಬರಲ್ಲಿ ಒಬ್ಬನು ಬಂದನೇನೋ ಎಂದು ತಿಳಿಯಬಹುದು. ಒಬ್ಬನೂ ಬರಲಿಲ್ಲವಾದರೆ “ನೈದರ್ ಕೇಮ್” ಎಂದು ಹೇಳಿದರೆ ಸಂದೇಹಕ್ಕೆ ಎಡೆಯಿಲ್ಲ. ಸಭೆಯ ಹಿರಿಯರು ಕೂಟದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಇದನ್ನು ಮುಖ್ಯವಾಗಿ ನೋಡಿಕೊಳ್ಳಬೇಕು.

ತುಕ್ಕಾನಟ್ಟಿಯ ಆ ಯೌವನಸ್ಥನನ್ನು ಹೋದ ತಿಂಗಳು ತಿರಿಗಿ ಕಂಡು, ಕಲ್ಲು ಹಗ್ಗಗಳ ದೃಷ್ಟಾಂತವನ್ನು ಹೇಳಿದೆನು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲವಂತೆ. ಆದರೆ ಅವನು ಈಗ ತನ್ನ ತಂಗಿಯ ಶಾಲೆಯ ಪುಸ್ತಕವನ್ನು ತಿದ್ದುತ್ತಾ, ಪ್ರತಿಯೊಂದು ವಾಕ್ಯದ ಕೆಳಗೆ ಅದರ ಕನ್ನಡವನ್ನು ಬರೆಸುತ್ತಾನೆಂದು ಅವಳೇ ನನ್ನ ಹತ್ತಿರ ದೂರು ಹೇಳಿದಳು.

ವಾಚಕರು ತಮ್ಮ ಮನೆಯಲ್ಲಿ ಮಕ್ಕಳ ಸಂಗಡ ಕೂತು ಪರೀಕ್ಷಿಸುವದಕ್ಕಾಗಿ ಐದು ವಾಕ್ಯಗಳನ್ನು ಕೊಡುತ್ತೇನೆ. “ಮೈ ಮದರ್ ಆರ್ ಕಮಿಂಗ್ ಟುಮಾರೋ.” “ಹಿ ಇಸ್ ಹ್ಯಾವಿಂಗ್ ತ್ರೀ ಎಕರ್ ಲ್ಯಾಂಡ್.” “ದಿ ಡಾಕ್ಟರ್ ಸೆಡ್ ಮಿ ಟು ಟೇಕ್ ರೆಸ್ಟ್.” “ಶಿ ಹ್ಯಾಸ್ ಲಿವ್ಡ್ ಇನ್ ದಿಸ್ ವಿಲೇಜ್ ಸಿನ್ಸ್ 2015.” “ಲಾಸ್ಟ್ ವೀಕ್ ಐ ಹ್ಯಾವ್ ಸೋಲ್ಡ್ ಟೂ ಬುಲಕ್.” ಪ್ರತಿಯೊಂದರ ಕೆಳಗೆ ಅದರ ಕನ್ನಡವನ್ನು ಬರೆದು, ಕನ್ನಡವು ಎಲ್ಲಿ ಒಳಗೆ ಬಂದದೆಂದು ಗುರುತುಹಾಕಿರಿ. ಐದರಲ್ಲಿ ಒಂದು ಸರಿಯಾಗಿಯೇ ಇದೆ, ಅದನ್ನು ತಿದ್ದಬೇಡಿರಿ.